ದಿಬ್ಬದ ನೆತ್ತಿಯ ಸೊನ್ನೆ

ಮಕ್ಕಳೇ, ಮೊನ್ನೆ ನಿಮ್ಮ ಗಣಿತದ ಪುಸ್ತಕದಲ್ಲಿ ಒಂದು ಗೆರೆ ಕಂಡೆ. ದಿಬ್ಬದ ಹಾಗೆ ಏರಿ, ತಗ್ಗಿಗೆ ಇಳಿದು, ಮತ್ತೆ ಏರುವ ಗೆರೆ. ತಟ್ಟನೆ ಪುಸ್ತಕ ಮುಚ್ಚಿಬಿಟ್ಟೆ. ಯಾಕೆಂದು ಕೇಳಿದಿರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಬರೆಯುತ್ತೇನೆ.

ಅರುವತ್ತರ ದಶಕದಲ್ಲಿ ನಿಮ್ಮ ಅಜ್ಜ ಕಡಬದಿಂದ ಪುತ್ತೂರಿಗೆ ಹೋಗುವ ಹಳೆಯ ಬಸ್ಸೊಂದರ ಡ್ರೈವರ್. ಅದರ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿರಲಿಲ್ಲ. ನಮ್ಮ ಮನೆಯ ಕೆಳಗಿನ ಏರಿನಲ್ಲಿ ನಿಲ್ಲಿಸಿದಾಗಲೆಲ್ಲ ಕಂಡಕ್ಟರ್ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಮರದ ತುಂಡು ಕೊಡಬೇಕಿತ್ತು. ಬಸ್ಸಿನ ಹಿಂದೆ ಉದ್ದ ಇಳಿಜಾರು, ಅದರ ಕೊನೆಯಲ್ಲಿ ಬದಿಗೆ ಕಟ್ಟೆ ಇಲ್ಲದ ಸೇತುವೆ.

ನನ್ನ ಮೈದುನ ಆಗ ಪುತ್ತೂರಿನಲ್ಲಿ ಕಾಲೇಜು ಓದುತ್ತಿದ್ದ. ರಜೆಯಲ್ಲಿ ಬಂದವನು, "ಅಣ್ಣ, ಸಮತಟ್ಟು ಜಾಗ ಎಲ್ಲಿ ಉಂಟು ಅಂತ ಲೆಕ್ಕದಲ್ಲೇ ತೆಗಿಬಹುದು" ಎಂದ. ನೀರು ತುಂಬಿದ ರಬ್ಬರ್ ಪೈಪ್ ಹಿಡಿದು, ಎರಡು ತುದಿಯ ನೀರಿನ ಮಟ್ಟ ನೋಡಿ ದಾರಿಯ ಎತ್ತರ ಅಳೆದ, ಚೌಕದ ಕಾಗದದಲ್ಲಿ ಚುಕ್ಕೆ ಇಟ್ಟ. ರಂಗೋಲಿಯ ಕೈ ಎಂದು ಚುಕ್ಕೆ ಸೇರಿಸುವ ಕೆಲಸ ನನಗೆ ಕೊಟ್ಟ. ಆ ಗೆರೆಗೆ ಹೊಂದುವ ಸೂತ್ರ ಎಕ್ಸ್ ಘನ ಕಳೆ ಮೂರು ಎಕ್ಸ್ ಎಂದ. ಕಸ ಗುಡಿಸುವ ಹಿಡಿಸೂಡಿಯ ಕಡ್ಡಿಯೊಂದನ್ನು ಗೆರೆಗೆ ತಾಗಿಸಿ ಸರಿಸುತ್ತಾ ಹೋದ.

"ನೋಡಿ ಅತ್ತಿಗೆ, ಇದು ಸ್ಪರ್ಶಕ. ಏರಿನಲ್ಲಿ ತಲೆ ಎತ್ತುತ್ತದೆ, ಇಳಿಜಾರಿನಲ್ಲಿ ತಗ್ಗಿಸುತ್ತದೆ. ಅಡ್ಡ ಮಲಗಿದಲ್ಲಿ ಓರೆ ಸೊನ್ನೆ."

ಆ ಓರೆಯನ್ನು ಹೇಳುವುದು ಡೆರಿವೇಟಿವ್ ಅಂತೆ: ಮೂರು ಎಕ್ಸ್ ವರ್ಗ ಕಳೆ ಮೂರು. ಅದನ್ನು ಸೊನ್ನೆಗೆ ಸಮ ಮಾಡಿದಾಗ ಎರಡು ಉತ್ತರ ಬಂತು, ಕಳೆ ಒಂದು ಮತ್ತು ಒಂದು. ಮೊದಲನೆಯದು ದಿಬ್ಬದ ನೆತ್ತಿ. ಎರಡನೆಯದು ಅದರಾಚೆಯ ತಗ್ಗು.

"ತಗ್ಗಿನಲ್ಲಿ ಪೂರಾ ಕೆಸರು. ನೆತ್ತಿಯಲ್ಲೇ ನಿಲ್ಲಿಸುದು" ಎಂದರು ನಿಮ್ಮ ಅಜ್ಜ. ಮರದ ತುಂಡನ್ನು ನನ್ನ ಮುಂದೆ ಹಾಕಿ, "ಇದನ್ನು ಒಲೆಗೆ ಹಾಕು ಮಾರಾಯ್ತಿ" ಎಂದರು.

ನಾನು ಹಾಕಲಿಲ್ಲ. ಅಡಿಗೆಮನೆಯಲ್ಲಿ ತೆಂಗಿನಕಾಯಿಯ ಒಂದು ಗೆರಟೆಯನ್ನು ಅಂಗಾತ ಇಟ್ಟು ಅದರೊಳಗೆ ಕಾಳುಮೆಣಸು ಬಿಟ್ಟೆ. ದೂಡಿದರೂ ಅದು ತಿರುಗಿ ನಡುವಿಗೇ ಬಂತು. ಗೆರಟೆ ಕವುಚಿ, ಮೇಲೆ ಇಟ್ಟೆ. ನಿಂತಿತು. ಉಸಿರು ತಾಗಿದ್ದೇ ಉರುಳಿಹೋಯಿತು. ಎರಡೂ ಕಡೆ ಓರೆ ಸೊನ್ನೆಯೇ. ಆದರೆ ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಕಾಲೇಜಿನವನಿಗೆ ಎಂತ ಹೇಳುವುದು? ಮರುದಿನ ಬುತ್ತಿಯ ಚೀಲದಲ್ಲಿ ಮರದ ತುಂಡು ಇಟ್ಟೆ. "ಎಂತ, ಮರ ತಿನ್ನುದಾ ನಾನು?" ಎಂದು ನಕ್ಕು ತೆಗೆದಿಟ್ಟು ಹೋದರು.

ಹದಿನೈದು ದಿನ ಏನೂ ಆಗಲಿಲ್ಲ. ಅದೇ ನನಗೆ ಹೆದರಿಕೆ. ಬೆಳಿಗ್ಗೆ ನೆತ್ತಿಯಲ್ಲಿ ಇಂಜಿನ್ ಸುಮ್ಮನಾದರೆ, ಮತ್ತೆ ಶಬ್ದ ಕೇಳುವವರೆಗೂ ಅಕ್ಕಿ ತೊಳೆಯುವ ಕೈ ನೀರಿನಲ್ಲೇ ಇರುತ್ತಿತ್ತು.

ಪುತ್ತೂರು ಸಂತೆಯ ಒಂದು ದಿನ ನಿಮ್ಮ ತಂದೆಯನ್ನು ಡಾಕ್ಟರಿಗೆ ತೋರಿಸಬೇಕಿತ್ತು. ಆಗ ಅವನಿಗೆ ಐದು ವರ್ಷ. ಅಪ್ಪನ ಜೊತೆ ಕಳಿಸಲೆಂದು ನೆತ್ತಿಗೆ ಕರೆದುಕೊಂಡು ಹೋದೆ. ಮರದ ತುಂಡು ಸೆರಗಿನೊಳಗಿತ್ತು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಿಮ್ಮ ಅಜ್ಜ ಇಳಿದರು, ಕಂಡಕ್ಟರಿನ ಜೊತೆ ಮೆಣಸಿನ ಗೋಣಿಗಳನ್ನು ಹಿಂದಿನ ಏಣಿಯಲ್ಲಿ ಮೇಲೇರಿಸತೊಡಗಿದರು. ಮೂರನೆಯ ಗೋಣಿ ಮೇಲೆ ಬಿದ್ದಾಗ ಬಸ್ಸು ನಡುಗಿತು. ಚಕ್ರದಡಿಯ ಜಲ್ಲಿ ಕಿರುಗುಟ್ಟಿತು. ಯಾರೂ ಕೇಳಿಸಿಕೊಳ್ಳಲಿಲ್ಲ. ಚಕ್ರ ಒಂದು ಬೆರಳಿನಷ್ಟು ಹಿಂದಕ್ಕೆ ಬಂತು, ಮತ್ತೊಂದು ಬೆರಳು.

ಅಷ್ಟು ಗಂಡಸರ ನಡುವೆ ನುಗ್ಗಿ, ಕುಕ್ಕರಗಾಲಲ್ಲಿ ಕೂತು, ತುಂಡನ್ನು ಚಕ್ರದ ಹಿಂದೆ ತುರುಕಿದೆ. ಬಸ್ಸು ಅದರ ಮೇಲೆ ಅರ್ಧ ಹತ್ತಿ, ಕಿರ್ರೆಂದು ನಿಂತಿತು.

"ಏ, ಅಲ್ಲಿ ಎಂತ ಮಾಡ್ತಿ ನೀನು?" ಏಣಿಯಿಂದ ನಿಮ್ಮ ಅಜ್ಜ ಕೂಗಿದರು. ಮತ್ತೆ ಚಕ್ರ ನೋಡಿದರು. ಹಿಂದಿನ ಸೇತುವೆ ನೋಡಿದರು. ಕಿಟಕಿಯಲ್ಲಿ ಮಗು ನನಗೆ ಕೈ ಬೀಸುತ್ತಿತ್ತು.

"ಮಗುವನ್ನು ಇಳಿಸಿ" ಎಂದೆ. ಜನರೆದುರು ಅವರಿಗೆ ನಾನು ಹೇಳಿದ ಮೊದಲ ಮಾತು ಅದು. "ಇಲ್ಲಿ ಬೇಡ. ತಗ್ಗಿನಲ್ಲಿ ನಿಲ್ಲಿಸಿ."

ಮರುದಿನದಿಂದ ಬಸ್ಸು ತಗ್ಗಿನಲ್ಲೇ ನಿಂತಿತು. "ನಿಮ್ಮ ಮನೆಯ ಲೆಕ್ಕದಿಂದ ನಮ್ಮ ಕಾಲೆಲ್ಲ ಕೆಸರು ಮಾರಾಯ್ರೆ!" ಎಂದು ಜನ ಬೈದರು. ನಾನು ತಲೆ ತಗ್ಗಿಸಿ, ಚಕ್ರವನ್ನೇ ನೋಡುತ್ತಿದ್ದೆ. ಅದು ಗೆರಟೆಯೊಳಗಿನ ಕಾಳಿನ ಹಾಗೆ ಅಲುಗದೆ ನಿಂತಿತ್ತು.