ಹಕ್ಕಿಗಳು ಸುಮ್ಮನಾದ ಹೊತ್ತು

ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಇದು ನಡೆದದ್ದು. ನನ್ನ ಅಕ್ಕನೂ ಜೊತೆಗಿದ್ದಳು. ಈಗಲೂ ಕೇಳಿದರೆ ಅವಳು ಮಾತು ಬದಲಿಸುತ್ತಾಳೆಯೇ ಹೊರತು, ಇಲ್ಲ ಎನ್ನುವುದಿಲ್ಲ.

ತೊಂಬತ್ತರ ದಶಕದ ಕೊನೆ. ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯಿಂದ ಒಳಕ್ಕೆ, ಒಂದು ವಠಾರದ ಹಿಂದಿನ ಮನೆಯಲ್ಲಿ ನಾವು ಮೂವರಿದ್ದೆವು. ಅಮ್ಮ, ಅಕ್ಕ ಸರಳಾ ಮತ್ತು ನಾನು. ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹಕ್ಕಿಗಳೆಂದರೆ ಅವಳಿಗೆ ಪ್ರಾಣ. ಭಾನುವಾರ ಬಂತೆಂದರೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಸ್ಯಾಂಕಿ ಕೆರೆಯ ದಂಡೆ ಸುತ್ತುವಳು.

"ಕೆರೆ ಹಕ್ಕಿ ನೋಡಿ ನೋಡಿ ಸಾಕಾಯ್ತು ಕಣೇ ರತ್ನಾ. ಒಂದ್ಸಲ ಕಡಲ ಹಕ್ಕಿ ನೋಡ್ಬೇಕು, ಅದೂ ಮೊಟ್ಟೆ ಇಡೋ ಜಾಗದಲ್ಲಿ" ಎಂದು ವರ್ಷಗಟ್ಟಲೆ ಹೇಳಿದವಳು, ಕೊನೆಗೆ ಹೇಗೋ ಅನುಮತಿ ಗಿಟ್ಟಿಸಿದಳು. ಕರಾವಳಿಯಾಚೆಯ ಒಂದು ಪುಟ್ಟ ದ್ವೀಪ. ಹೆಸರು ಬೇಡ. ಹಕ್ಕಿಗಳಿಗೆಂದೇ ಕಾಯ್ದಿಟ್ಟ ಜಾಗ.

ಶನಿವಾರ ಬೆಳಿಗ್ಗೆ ದೋಣಿಯವನು ನಮ್ಮನ್ನು ಅಲ್ಲಿ ಇಳಿಸಿ ಹೋದ. ಅಲ್ಲಿದ್ದದ್ದು ಗಣಪು ಎಂಬ ಕಾವಲುಗಾರ ಒಬ್ಬನೇ. ಮತ್ತೆ ಹಕ್ಕಿಗಳು... ಬಂಡೆ ಬಂಡೆಯ ಮೇಲೂ ಹಕ್ಕಿಗಳು. ಕಪ್ಪು ನೆತ್ತಿ, ಬಿಳಿ ಎದೆ, ಕವಲೊಡೆದ ಬಾಲದ, ರೀವ ಎಂಬ ಕಡಲ ಹಕ್ಕಿಗಳು. ಅವುಗಳ ಕಿರುಚಾಟದಲ್ಲಿ ಪಕ್ಕದವರ ಮಾತೇ ಕೇಳಿಸುತ್ತಿರಲಿಲ್ಲ. ಹಿಕ್ಕೆ, ಉಪ್ಪು, ಕೊಳೆತ ಮೀನು ಎಲ್ಲ ಬೆರೆತ ವಾಸನೆ ಗಂಟಲಿಗೇ ಇಳಿಯುತ್ತಿತ್ತು. ಅಕ್ಕ ಮಾತ್ರ ಮಗುವಿನ ಹಾಗೆ ನಗುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಗಣಪು ಕಡಲನ್ನು ನೋಡಿ ತಲೆಯಾಡಿಸಿದ.

"ಇವತ್ತು ದೋಣಿ ಬರೂದಿಲ್ಲ ಅಮ್ಮಾ. ಇಲ್ಲೇ ಉಳೀಬೇಕು."

ಅವನ ತಗಡಿನ ಶೆಡ್ಡಿನಲ್ಲಿ ಗಂಜಿ ಕುಡಿದೆವು. ಕತ್ತಲಾಯಿತು. ಗಣಪು ಒಳಗೆ ಚಾಪೆ ಹಾಸುತ್ತಿದ್ದ. ನಾವಿಬ್ಬರೂ ಹೊರಗೆ ಕಲ್ಲಿನ ಮೇಲೆ ಕೂತಿದ್ದೆವು. ಹಕ್ಕಿಗಳ ಗದ್ದಲ ಆಗಲೂ ನಿಂತಿರಲಿಲ್ಲ.

ಆಮೇಲೆ... ಒಮ್ಮೆಲೇ ನಿಂತಿತು.

ಒಂದೊಂದಾಗಿ ಅಲ್ಲ, ಎಲ್ಲವೂ ಒಟ್ಟಿಗೆ. ಸಾವಿರಾರು ಕೊರಳನ್ನು ಯಾರೋ ಒಂದೇ ಕೈಯಲ್ಲಿ ಅದುಮಿದ ಹಾಗೆ. ಅಲೆಯ ಸದ್ದೂ ಎಲ್ಲೋ ದೂರ ಹೋದಂತೆನಿಸಿತು. ಅಕ್ಕನ ಉಸಿರು ನನಗೆ ಕೇಳಿಸುತ್ತಿತ್ತು.

ಆ ಮೌನದಲ್ಲಿ, ಬಂಡೆಗಳ ಆಚೆಯಿಂದ...

"ರತ್ನೀ... ಬಾರೇ ಒಳಗೆ. ಹೊತ್ತಾಯ್ತು."

ಅಮ್ಮನ ಧ್ವನಿ. ರತ್ನೀ ಎಂದು ನನ್ನನ್ನು ಕರೆಯುವವಳು ಜಗತ್ತಿನಲ್ಲಿ ಅಮ್ಮ ಒಬ್ಬಳೇ. ಸಂಜೆ ವಠಾರದ ಬಾಗಿಲಲ್ಲಿ ನಿಂತು, ಕೊನೆಯಲ್ಲಿ ಸ್ವಲ್ಪ ಎಳೆದು, ಹಾಗೇ ಕರೆಯುತ್ತಿದ್ದಳು. ನಾನು ಎಲ್ಲಿದ್ದೇನೆ ಎನ್ನುವುದೂ ಮರೆತು ಬಾಯಿ ತಾನಾಗಿ ತೆರೆದುಕೊಂಡಿತು.

"ಬಂದೆ ಅಮ್ಮಾ."

ಅಕ್ಕ ಧಡಕ್ಕನೆ ನನ್ನ ಬಾಯಿ ಮುಚ್ಚಿದಳು. ಅವಳ ಅಂಗೈ ಮಂಜಿನಂತೆ ತಣ್ಣಗಿತ್ತು. ಆ ಕ್ಷಣವೇ ಹಕ್ಕಿಗಳೆಲ್ಲ ಭರ್ರನೆ ಮೇಲೆದ್ದು, ನಮ್ಮ ತಲೆಯ ಮೇಲೆ ಹಾದು, ಕಡಲಿನತ್ತ ಹಾರಿದವು.

"ನಿಂಗೂ ಕೇಳಿಸ್ತಾ?" ಎಂದೆ.

"ಮಾತಾಡ್ಬೇಡ. ಒಳಗೆ ನಡಿ."

ಶೆಡ್ಡಿನ ಬಾಗಿಲಲ್ಲಿ ಗಣಪು ನಿಂತಿದ್ದ. ಲಾಟೀನು ಎತ್ತಿ ನಮ್ಮಿಬ್ಬರ ಮುಖ ನೋಡಿದ.

"ಯಾರು ಓಗೊಟ್ಟದ್ದು?"

ನಾನೇ ಎಂದು ಒಪ್ಪಿಕೊಂಡೆ. ಅವನು ನಮ್ಮನ್ನು ಒಳಗೆ ಕರೆದು ಬಾಗಿಲು ಹಾಕಿದ. ರಾತ್ರಿಯಿಡೀ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಮರುದಿನ ದೋಣಿ ಹತ್ತಿಸುವಾಗಲೂ ನನ್ನ ಕಡೆ ನೋಡಲಿಲ್ಲ.

ಅಮ್ಮನಿಗೆ ಏನಾದರೂ ಆಗಿದೆಯೋ ಎಂಬ ಭಯ ನನಗೆ. ಮನೆಯಲ್ಲಿ ಫೋನಿರಲಿಲ್ಲ. ಭಾನುವಾರ ರಾತ್ರಿಯ ಬಸ್ಸು ಹಿಡಿದು, ಸೋಮವಾರ ಬೆಳಿಗ್ಗೆ ಆಟೋದಲ್ಲಿ ಬಂದು ಇಳಿದೆವು. ಅಮ್ಮ ಹೊಸಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಆರಾಮಾಗಿದ್ದಳು. ಓಡಿ ಹೋಗಿ ತಬ್ಬಿಕೊಳ್ಳಬೇಕು ಎನ್ನಿಸಿತು. ಅಷ್ಟರಲ್ಲಿ ಅಮ್ಮ ತಲೆಯೆತ್ತಿದಳು. ಅಕ್ಕನನ್ನು ನೋಡಿ ನಕ್ಕಳು. ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ನೀನು ಯಾವಾಗ ಹೊರಗೆ ಹೋದ್ಯೇ? ನಾನು ಇಲ್ಲೇ ಬಾಗಿಲಲ್ಲಿ ಕೂತಿದೀನಿ."

ಅಕ್ಕ ಕೇಳಿದಳು, "ಏನಮ್ಮಾ ಹಂಗಂದ್ರೆ?"

"ಶನಿವಾರ ಕತ್ತಲಾಗ್ತಿದ್ದಂಗೆ ಇವಳೊಬ್ಳೇ ಬಂದ್ಲಲ್ಲ. 'ಬಂದೆ ಅಮ್ಮಾ' ಅಂದ್ಲು, ಬಾಗಿಲು ತೆಗೆದೆ. ಮೈಯೆಲ್ಲ ಒದ್ದೆ. ಊಟ ಬೇಡ ಅಂದ್ಲು. ನಿನ್ನೆಯೆಲ್ಲ ಮುಸುಕು ಹಾಕ್ಕೊಂಡು ಮಲಗಿದ್ಲು. ಜ್ವರ ಇರ್ಬೇಕು, ಮಲಗಲಿ ಅಂತ ರೂಮಿನ ಬಾಗಿಲು ಮುಂದಕ್ಕೆ ಎಳೆದಿದೀನಿ. ಈಗಿನ್ನೂ ನೋಡ್ಕೊಂಡು ಬಂದೆ."

ನಮ್ಮದು ಎರಡು ಕೋಣೆಯ ಮನೆ. ಹೊರಗೆ ಹೋಗಲು ಇದ್ದದ್ದು ಅದೊಂದೇ ಬಾಗಿಲು.

ಅಕ್ಕ ಬ್ಯಾಗು ಕೆಳಗಿಟ್ಟು ಒಳಗೆ ಹೋದಳು. ನಾನು ಅವಳ ಸೆರಗು ಹಿಡಿದುಕೊಂಡೇ ಹೋದೆ. ಕೋಣೆಯ ಬಾಗಿಲು ತಳ್ಳಿದಾಗ ಆ ವಾಸನೆ ಮುಖಕ್ಕೆ ಹೊಡೆಯಿತು... ಹಿಕ್ಕೆ, ಉಪ್ಪು, ಕೊಳೆತ ಮೀನು. ಕಿಟಕಿಯ ಸರಳುಗಳು ಹಾಗೇ ಇದ್ದವು. ನನ್ನ ಹಾಸಿಗೆ ಹಾಸಿತ್ತು. ಹೊದಿಕೆ ಮುದ್ದೆಯಾಗಿ ಬಿದ್ದಿತ್ತು. ಯಾರೂ ಇರಲಿಲ್ಲ. ದಿಂಬು ಮುಟ್ಟಿದೆ. ಒದ್ದೆಯಾಗಿತ್ತು.

ಮತ್ತೆ... ಬೆಚ್ಚಗಿತ್ತು.

ಅಮ್ಮ ನಮ್ಮ ಹಿಂದೆಯೇ ಬಂದು ನಿಂತಿದ್ದಳು. ಖಾಲಿ ಹಾಸಿಗೆಯನ್ನೂ ನನ್ನನ್ನೂ ನೋಡಿ ನೋಡಿ, ಗೋಡೆ ಹಿಡಿದು ಮೆಲ್ಲಗೆ ಕೂತಳು. ಅವಳಿಗೆ ನೀರು ಕುಡಿಸಿ, ಅಕ್ಕ ಪಿಸುದನಿಯಲ್ಲಿ ಕೇಳಿದಳು.

"ಅಮ್ಮಾ, ಅವಳು ಏನಾದ್ರೂ ಮಾತಾಡಿದ್ಲಾ?"

ಅಮ್ಮ ಲೋಟ ಕೆಳಗಿಟ್ಟಳು.

"ಒಂದೇ ಮಾತು ಕಣೇ. ಮುಸುಕಿನೊಳಗಿಂದ ಆಗಾಗ ಕೇಳ್ತಿದ್ಲು. 'ಅಕ್ಕ ಇನ್ನೂ ಬಂದಿಲ್ವಾ? ಅವಳು ಯಾಕೆ ಓಗೊಡ್ಲಿಲ್ಲ?' ಅಂತ."

ದ್ವೀಪದಲ್ಲಿ ಆ ಧ್ವನಿ ತನ್ನನ್ನೂ ಹೆಸರು ಹಿಡಿದು ಕರೆದಿತ್ತು ಎಂದು ಅಕ್ಕ ಆಗ ಹೇಳಿದಳು. ಅಂದು ರಾತ್ರಿಯೇ ಮೂವರೂ ಬಸವನಗುಡಿಯ ಚಿಕ್ಕಮ್ಮನ ಮನೆಗೆ ಹೋದೆವು. ತಿಂಗಳೊಳಗೆ ಮನೆ ಬದಲಿಸಿದೆವು. ಅಕ್ಕ ಮತ್ತೆ ದುರ್ಬೀನು ಮುಟ್ಟಲಿಲ್ಲ. ನಾನು ಇವತ್ತಿಗೂ, ಪಕ್ಕದ ಕೋಣೆಯಿಂದ ನನ್ನವರೇ ಕರೆದರೂ ಓಗೊಡುವುದಿಲ್ಲ. ಎದ್ದು ಹೋಗಿ ಮೊದಲು ಮುಖ ನೋಡುತ್ತೇನೆ.

ಹಾಗೆ ಎದ್ದು ಹೋದಾಗ, ಎರಡು ಸಲ, ಆ ಕೋಣೆಯಲ್ಲಿ ಯಾರೂ ಇರಲಿಲ್ಲ.