ಅವ್ವನ ಮುಷ್ಟಿಗೆ ಮಾಡಿದ ಮರದ ಪಟ್ಟಿ

ಲಕ್ವಾ ಹೊಡೆದ ಮೇಲೆ ಅವ್ವನ ಬಲಗೈ ಮುಷ್ಟಿಯಾಗಿ ಬಿಗಿದುಕೊಂಡಿತು. ಉಗುರುಗಳು ಅಂಗೈಯೊಳಗೆ ನಾಟುತ್ತಿದ್ದವು. ಬೆರಳು ಬಿಡಿಸಿ ಹಿಡಿಯಲು ದವಾಖಾನೆಯವರು ಪ್ಲಾಸ್ಟಿಕ್ಕಿನ ಪಟ್ಟಿ ಕೊಟ್ಟರು. ಭಾಲ್ಕಿಯ ಬಿಸಿಲಿಗೆ ಅದರೊಳಗೆ ಬೆವರು ನಿಂತು ಚರ್ಮಕ್ಕೆ ಬೊಬ್ಬೆ ಬಂದವು. ಅವ್ವ ಅದನ್ನು ಎಡಗೈಯಿಂದ ಕಿತ್ತು ಎಸೆದಳು. ಅವಳಿಗೆ ಬೇಕಾಗಿದ್ದುದು ಒಂದೇ, ಆ ಕೈ ತೆರೆಯಬೇಕು, ತನ್ನ ಜಡೆ ತಾನೇ ಹಾಕಿಕೊಳ್ಳಬೇಕು. ನಾನು ತಲೆ ಬಾಚುವಾಗ ಗೋಡೆ ನೋಡುತ್ತ ಕೂರುತ್ತಿದ್ದಳು.

ನಾನು ಬೀದರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮರದ ನಾರುಗಳನ್ನು ಗಟ್ಟಿಯಾಗಿ ಹಿಡಿದಿರುವುದು ಲಿಗ್ನಿನ್ ಎಂಬ ಅಂಟು. ಅದನ್ನು ಒಂದಿಷ್ಟು ತೆಗೆದರೆ ಮರವೂ ಪ್ಲಾಸ್ಟಿಕ್ಕಿನ ಹಾಗೆ ಹೇಳಿದ ಮಾತು ಕೇಳುತ್ತದೆ. ಹೆಬ್ಬೇವಿನ ಮರದ ತೆಳು ಹಾಳೆಗಳನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಬೇಯಿಸಿ, ಕ್ಷಾರವೆಲ್ಲ ಹೋಗುವ ತನಕ ತೊಳೆದು ಒಣಗಿಸಿದೆ. ಮತ್ತೆ ತುಸು ಹೊತ್ತು ನೀರಿನಲ್ಲಿ ಅದ್ದಿದರೆ ಹಾಳೆ ಬಟ್ಟೆಯಂತೆ ಮಡಚುತ್ತಿತ್ತು. ಮಡಚಿದ ಆಕಾರದಲ್ಲೇ ಒಣಗಿ ಗಟ್ಟಿಯಾಗುತ್ತಿತ್ತು. ಹಾಗೆ ಅವ್ವನ ಕೈಯ ಅಳತೆಗೆ ಒಂದು ಪಟ್ಟಿ ಮಾಡಿ, ಗಾಳಿಯಾಡಲು ತೂತು ಕೊರೆದು, ಹೆಮ್ಮೆಯಿಂದ ಮನೆಗೆ ತಂದೆ.

ಮರುದಿನ ಕಾಲೇಜಿನಿಂದ ಬಂದರೆ ಪಟ್ಟಿ ಒಲೆಯ ಮೇಲೆ ಕೊತಕೊತ ಕುದಿಯುತ್ತಿತ್ತು! ಅವ್ವ ಮಿಷನ್ ದವಾಖಾನೆಯ ನರ್ಸ್ ಆಗಿದ್ದವಳು. ಔರಾದಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವಾಗ ಸೂಜಿ, ಕತ್ತರಿ ಎಲ್ಲವನ್ನೂ ಕುದಿಸಿಯೇ ಮುಟ್ಟುತ್ತಿದ್ದಳು. ನನ್ನ ಪಟ್ಟಿ ಈಗ ನೆನೆದ ರದ್ದಿ ಕಾಗದದಂತೆ ಎಳೆಎಳೆಯಾಗಿತ್ತು.

“ಯಾಕವ್ವಾ ಹಿಂಗ ಮಾಡ್ದಿ?”

“ಪೇಶಂಟಿನ ಮೈಗೆ ಹಚ್ಚೋದು, ಕುದಿಸ್ದೇ ಹ್ಯಾಂಗ ಹಚ್ಚೋದು?”

ಪೇಶಂಟೂ ಅವಳೇ, ನರ್ಸೂ ಅವಳೇ. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೂ ನಗು ತಡೆಯಲಾಗಲಿಲ್ಲ. ಅವಳೂ ಸೊಟ್ಟಗಾದ ಬಾಯಲ್ಲೇ ನಕ್ಕಳು. “ಮರಾ ಮೆತ್ತಗ ಮಾಡ್ಲಿಕ್ಕ ಬರ್ತದ ನಿನಗ, ನನ್ನ ಬೆರಳ ಮೆತ್ತಗ ಮಾಡ್ಲಿಕ್ಕ ಬರಂಗಿಲ್ಲೇನು?” ಎಂದಳು. ನಾನು ಒಳಗೆ ಹೋಗಿ ಅತ್ತೆ.

ಎರಡನೆಯ ಪಟ್ಟಿಗೆ ಅವಳ ಕೈಯನ್ನೇ ಅಚ್ಚು ಮಾಡಿಕೊಂಡೆ. ಬೆರಳುಗಳನ್ನು ನೋವಾಗದಷ್ಟು ಬಿಡಿಸಿ, ಹಸಿ ಹಾಳೆ ಒತ್ತಿ, ಅದು ಒಣಗುವವರೆಗೆ ಅಲುಗದಂತೆ ಹಿಡಿದು ಕುಳಿತೆ. ಮಧ್ಯಾಹ್ನವೆಲ್ಲ ಅವ್ವ ಹೆರಿಗೆಗಳ ಕಥೆ ಹೇಳಿದಳು. ಕೂಸು ಹುಟ್ಟುವಾಗ ಮುಷ್ಟಿ ಹಿಡಿದೇ ಬರುತ್ತದೆ, ಅದನ್ನು ಯಾರೂ ಜಬರದಸ್ತಿ ಬಿಡಿಸಬಾರದು ಎಂದಳು. ಪಟ್ಟಿ ಚೆನ್ನಾಗಿಯೇ ಬಂದಿತು. ಒಂದೆರಡು ವಾರದಲ್ಲಿ ಅಂಗೈಗೂ ಬೆರಳಿಗೂ ನಡುವೆ ನನ್ನ ಕಿರುಬೆರಳು ತೂರುವಷ್ಟು ಜಾಗವಾಯಿತು. ಇನ್ನಷ್ಟು ಅಗಲದ ಮೂರನೆಯದಕ್ಕೆ ಹಾಳೆ ತೊಳೆದು ಒಣಹಾಕಿದ್ದೆ.

ಅಷ್ಟರಲ್ಲಿ ಲಕ್ವಾ ಮತ್ತೆ ಹೊಡೆಯಿತು. ಬೀದರಿನ ದವಾಖಾನೆಯಲ್ಲಿ ಅವ್ವ ಕಣ್ಣು ತೆರೆಯಲೇ ಇಲ್ಲ.

ಉಸಿರು ನಿಂತಾಗ ಅವಳ ಬಲಗೈ ನನ್ನ ಕೈಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಬಿಗಿ ಸಡಿಲಿ, ಬೆರಳುಗಳು ಒಂದೊಂದಾಗಿ ತಾವೇ ಬಿಚ್ಚಿಕೊಂಡವು. ಜಡೆ ಹಾಕಿಕೊಳ್ಳುವಷ್ಟು ಅಗಲವಾಗಿ ಅಂಗೈ ತೆರೆಯಿತು. ಹಾಗೆ ತೆರೆದದ್ದು ನನಗೆ ಬೇಡವಾಗಿತ್ತು. ನಾನು ಆ ಬೆರಳುಗಳನ್ನು ಮತ್ತೆ ಮಡಚಿ ಮುಷ್ಟಿ ಮಾಡಿ, ಎರಡೂ ಕೈಯಿಂದ ಹಿಡಿದುಕೊಂಡೆ.