ಬಾಡಿಗೆಗೆ ಮನೆ ಸಿಗದ ಹಾಸ್ಟೆಲ್ಲು

ಅರಗು ಬಿಸಿಯಾದಾಗ ಬರುವ ವಾಸನೆ ಮೊದಲು ಸೀದ ಬೆಲ್ಲದ ಹಾಗೆ ಮೂಗಿಗೆ ಹತ್ತುತ್ತದೆ, ಆಮೇಲೆ ಹಸಿ ಮರದ ಹೊಟ್ಟಿನ ಒಗರು ಅದಕ್ಕೆ ಸೇರಿಕೊಳ್ಳುತ್ತದೆ, ಕೊನೆಗೆ ಗಂಟಲಲ್ಲಿ ಕೊಂಚ ಕಹಿಯಾಗಿ ನಿಂತುಬಿಡುತ್ತದೆ. ಮೊನ್ನೆ ಮೈಸೂರು ರಸ್ತೆಯಲ್ಲಿ ನಮ್ಮ ಬಸ್ಸು ಕಾಫಿಗೆಂದು ನಿಂತಾಗ, ಚನ್ನಪಟ್ಟಣದ ಬೊಂಬೆ ಅಂಗಡಿಯೊಂದರ ಮುಂದೆ ಒಬ್ಬಾತ ತಿರುಗುವ ಬುಗುರಿಗೆ ಹಳದಿ ಅರಗು ಒತ್ತುತ್ತಿದ್ದ. ಜೊತೆಗಿದ್ದ ನಮ್ಮ ಶಾಲೆಯ ಮೇಷ್ಟ್ರು, "ಮೊಮ್ಮಗನಿಗೆ ಒಂದು ತಗೊಳ್ಳಿ ಮೇಡಂ, ಚೆನ್ನಾಗಿವೆ," ಎನ್ನುತ್ತಿದ್ದರು. ಅವರ ಮಾತು ನನಗೆ ಎಲ್ಲೋ ದೂರದಿಂದ ಕೇಳಿಸಿತು. ನಾನು ಆಗಲೇ ಆ ವಾಸನೆ ತುಂಬಿದ್ದ ಮನೆಯೊಂದರ ಪಡಸಾಲೆಯಲ್ಲಿ, ಜಮಖಾನದ ಮೇಲೆ, ನನ್ನಕ್ಕನ ಮಗ್ಗುಲಲ್ಲಿ ಕೂತುಬಿಟ್ಟಿದ್ದೆ. ಈಗ ಆ ಮನೆಯಿಲ್ಲ. ಅಲ್ಲಿದ್ದ ನಾವು ಯಾರು ಎಲ್ಲಿದ್ದೇವೆಂದು ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ. ಬಾಲ್ಯದ ಮನೆಯನ್ನು ಕಳೆದುಕೊಂಡವರಿಗೆ ಈ ಸಂಕಟ ಗೊತ್ತಿರುತ್ತದೆ. ಆದರೆ ನನ್ನ ಮನೆ ನನ್ನ ಅಪ್ಪನದಾಗಿರಲಿಲ್ಲ, ತಾತನದಾಗಿರಲಿಲ್ಲ. ಅದು ಸರ್ಕಾರ ನಮ್ಮ ಜನದ ಹೆಣ್ಣುಮಕ್ಕಳಿಗೆಂದು ಬಾಡಿಗೆಗೆ ಹಿಡಿದಿದ್ದ ಹಾಸ್ಟೆಲ್ಲು.

ನಮ್ಮೂರು ಸಾತನೂರು ಕಡೆ, ಬಸ್ಸಿಳಿದು ಇನ್ನೂ ನಡೆಯಬೇಕಾದ ಹಳ್ಳಿ. ನಮ್ಮ ಕೇರಿ ಊರಾಚೆ. ಅಪ್ಪ ಅವ್ವ ಇಬ್ಬರೂ ಊರಿನವರ ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕುಯ್ಯುತ್ತಿದ್ದರು. ಅವರು ಕುಯ್ದ ಸೊಪ್ಪನ್ನು ಹುಳುಗಳು ತಿನ್ನುತ್ತಿದ್ದವು, ಆ ಹುಳುಗಳ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿತ್ತು. ಆದರೆ ಸೊಪ್ಪಿನ ಹೊರೆಯನ್ನು ಹುಳು ಸಾಕುವ ಮನೆಯ ಹೊಸ್ತಿಲಾಚೆಗೇ ಇಳಿಸಬೇಕಿತ್ತು. ನಾವು ಒಳಗೆ ಕಾಲಿಟ್ಟರೆ ಹುಳುವಿಗೆ ರೋಗ ಬರುತ್ತದೆಂದು ಊರಿನವರು ನಂಬಿದ್ದರು. ಅಕ್ಕ ರತ್ನ ಏಳನೇ ಕ್ಲಾಸು ಮುಗಿಸಿದಾಗ ನಮ್ಮೂರ ಮೇಷ್ಟ್ರೊಬ್ಬರು ಕೇರಿಗೇ ಬಂದು, "ಪಟ್ಟಣದಲ್ಲಿ ಹಾಸ್ಟೆಲ್ ಐತೆ, ಊಟ ಬಟ್ಟೆ ಪುಸ್ತಕ ಎಲ್ಲಾ ಸರ್ಕಾರದ್ದೇ, ಕಳುಸ್ಬುಡಪ್ಪ," ಎಂದರು. ಅಪ್ಪ ಬಹಳ ಹೊತ್ತು ಯೋಚಿಸಿ ಕಳಿಸಿದ. ಮೂರು ವರ್ಷ ಚಿಕ್ಕವಳಾದ ನನ್ನನ್ನೂ ಮರುವರ್ಷ ಅವಳ ಹಿಂದೆಯೇ ಅಟ್ಟಿದರು. ಗಾಳಿಪಟದ ಬಾಲದ ಹಾಗೆ ನಾನು ಅಕ್ಕನ ಸೆರಗು ಹಿಡಿದು ಚನ್ನಪಟ್ಟಣ ಸೇರಿದೆ.

ಆ ಮನೆ ಬೊಂಬೆ ಮಾಡುವವರ ಬೀದಿಯಲ್ಲಿತ್ತು. ಯಜಮಾನರು ಬಾಬು ಸಾಬರು. ಅವರ ಸಂಸಾರ ಹಿಂದಿನ ಭಾಗದಲ್ಲಿ, ನಾವು ಮುಂದಿನ ಭಾಗದಲ್ಲಿ, ನಡುವೆ ಒಂದು ಹಿತ್ತಿಲು, ಪಕ್ಕದಲ್ಲಿ ಅವರ ಬೊಂಬೆ ಕಡೆಯುವ ಚಪ್ಪರ. ಬೆಳಗಾದರೆ ಯಂತ್ರಗಳ ಗುಂಯ್ ಎಂಬ ಸದ್ದು ಗೋಡೆ ದಾಟಿ ಬಂದು ನಮ್ಮ ತಟ್ಟೆಗಳನ್ನು ನಡುಗಿಸುತ್ತಿತ್ತು. ಮರದ ಹೊಟ್ಟು ಗಾಳಿಗೆ ಹಾರಿ ಬಂದು ಒಣಗಲು ಹಾಕಿದ ಲಂಗಗಳ ಮೇಲೆ ಕೂರುತ್ತಿತ್ತು. ಒಡೆದ ಬೊಂಬೆಗಳು, ಬಣ್ಣ ಕೂರದ ಗಿಲಕಿಗಳು ನಮ್ಮ ಟ್ರಂಕುಗಳ ತಳ ಸೇರುತ್ತಿದ್ದವು. ಅಕ್ಕ ಹೋದ ಮೊದಲ ದಿನವೇ ಕೊಡ ಹಿಡಿದು ಹಿತ್ತಿಲ ಬಾವಿಯ ಹತ್ತಿರ ನಿಂತುಕೊಂಡಳಂತೆ. ನಮ್ಮೂರಲ್ಲಿ ಹಾಗೇ ಅಭ್ಯಾಸ. ಯಾರಾದರೂ ಪುಣ್ಯಾತ್ಮರು ಬಂದು ಸೇದಿ ಹೊಯ್ಯುವವರೆಗೆ ನಿಲ್ಲಬೇಕು. ಸಾಬರ ಹೆಂಡತಿ, ನಾವೆಲ್ಲ ಬೂಬಮ್ಮ ಎನ್ನುತ್ತಿದ್ದವರು, ಪಾತ್ರೆ ತೊಳೆಯುತ್ತ ಅವಳನ್ನೇ ನೋಡಿ ನೋಡಿ ರೇಗಿದರಂತೆ. "ಏನಮ್ಮಾ, ಕೈ ಇಲ್ವಾ ನಿಂಗೆ? ಅಲ್ಲೈತಲ್ಲ ಹಗ್ಗ, ಸೇದ್ಕೋ!" ಅಕ್ಕ ಇದನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಪ್ರತಿ ಸಲವೂ ಆ ಬೈಗುಳವನ್ನು ಹಬ್ಬದೂಟ ನೆನೆಸಿಕೊಂಡವಳ ಹಾಗೆ ಹೇಳುತ್ತಿದ್ದಳು.

ನಮ್ಮ ಅಡುಗೆಯವಳು ಸಾಕಮ್ಮ. ಗಂಡ ಸತ್ತವಳು, ಮಕ್ಕಳಿಲ್ಲದವಳು, ಬಾಯಿ ಬಿಟ್ಟರೆ ಬೈಗುಳವೇ. ಅವಳು ಮುದ್ದೆ ತೊಳಸುವಾಗ ಹಂಡೆಯ ಮೇಲೆ ಏಳುತ್ತಿದ್ದ ರಾಗಿಯ ಬಿಸಿ ಆವಿಗೆ ಮುಖವೊಡ್ಡಿ ನಾವು ಚಿಕ್ಕವರು ಸುತ್ತ ಕೂರುತ್ತಿದ್ದೆವು. "ಎದ್ದೋಗ್ರಮ್ಮೀ, ಮೊಕ ಬೆಂದೋದಾವು," ಎಂದು ಗದರಿಸುತ್ತಲೇ ತಳ ಹಿಡಿದ ಸೀಕನ್ನು ಕೆರೆದು ಕೈಗೆ ಹಾಕುತ್ತಿದ್ದಳು. ವಾರ್ಡನ್ ಮೇಡಂ ರಾಮನಗರದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಕೆಟ್ಟವರಲ್ಲ, ಹೆದರಿಕೆಯವರು. ಮೇಲಿನವರು ಬರುತ್ತಾರೆಂದರೆ ಹಿಂದಿನ ದಿನವೇ ಲೆಕ್ಕದ ಪುಸ್ತಕಗಳನ್ನು ಮತ್ತೆ ಮತ್ತೆ ತಿರುವುತ್ತಿದ್ದರು. ಆಗ ಅವರು ಕರೆಯುತ್ತಿದ್ದುದು ನಮ್ಮಕ್ಕನನ್ನು. ಚಿಕ್ಕವರ ತಲೆ ಬಾಚುವುದರಿಂದ ಹಿಡಿದು ಜ್ವರ ಬಂದವರನ್ನು ಆಸ್ಪತ್ರೆಗೆ ಒಯ್ಯುವವರೆಗೆ ಆ ಮನೆಯ ಯಜಮಾನಿಕೆ ಅವಳದೇ. ಆಸ್ಪತ್ರೆಗೆ ಹೋಗಿ ಹೋಗಿ ಅವಳಿಗೆ ನರ್ಸ್ ಆಗುವ ಹುಚ್ಚು ಹಿಡಿದಿತ್ತು. "ಎಸ್ಸೆಲ್ಸಿ ಒಂದು ಪಾಸಾಗ್ಲಿ ಪುಟ್ಟಿ, ಬೆಂಗಳೂರಲ್ಲಿ ನರ್ಸಿಂಗ್‌ಗೆ ನಮ್ಗೆ ಸೀಟೈತಂತೆ," ಎನ್ನುತ್ತಿದ್ದಳು. 'ನಮ್ಗೆ' ಎಂಬ ಆ ಮಾತನ್ನು ಅವಳು ಎಷ್ಟು ಭರವಸೆಯಿಂದ ಆಡುತ್ತಿದ್ದಳೆಂದರೆ, ದೇಶವೇ ನಮಗಾಗಿ ಒಂದು ಕುರ್ಚಿ ಒರೆಸಿ ಇಟ್ಟು ಕಾಯುತ್ತಿದೆಯೆಂದು ನಾನು ನಂಬಿದ್ದೆ.

ಅಕ್ಕ ಹತ್ತನೇ ಕ್ಲಾಸಿಗೆ ಬಂದ ವರ್ಷ ಬಾಬು ಸಾಬರು ತೀರಿಕೊಂಡರು. ಗಂಡುಮಕ್ಕಳು ಆಸ್ತಿ ಪಾಲು ಮಾಡಿಕೊಂಡು ಮನೆ ಮಾರುವುದೆಂದು ತೀರ್ಮಾನಿಸಿದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ದಸರಾ ಕಳೆಯುವವರೆಗೆ ಗಡುವು ಕೊಟ್ಟರು, ಬೂಬಮ್ಮ ನಮ್ಮ ಮುಂದೆ ಕಣ್ಣೀರು ಹಾಕಿದರು. ಸರ್ಕಾರ ಬೇರೆ ಮನೆ ಹಿಡಿಯಲು ಅನುಮತಿಯನ್ನೂ ಕೊಟ್ಟಿತು. ಬಾಡಿಗೆ ಸಿದ್ಧವಿತ್ತು, ಆದೇಶ ಸಿದ್ಧವಿತ್ತು. ಮನೆಯೊಂದು ಬೇಕಿತ್ತು ಅಷ್ಟೆ. ಅಷ್ಟು ದೊಡ್ಡ ಊರಿನಲ್ಲಿ ಒಂದು ಮನೆ.

ಮೇಡಂ ಮನೆ ಹುಡುಕಲು ಹೊರಟಾಗ ಜೊತೆಗೆ ಅಕ್ಕನನ್ನು ಕರೆದೊಯ್ಯುತ್ತಿದ್ದರು. ಮೊದಮೊದಲು ಅವಳು ವಾಪಸು ಬಂದು ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಮನೆ ಯಜಮಾನರ ಅಣಕ ಮಾಡುತ್ತಿದ್ದಳು. ಬಾಗಿಲು ತೆರೆದು, "ಸರ್ಕಾರದ ಬಾಡಿಗೆ ಅಂದ್ರೆ ಕಣ್ಣಿಗೊತ್ಕೊಂಡು ಕೊಡ್ತೀನಿ, ಬನ್ನಿ ಬನ್ನಿ," ಎಂದು ಕೋಣೆ ಕೋಣೆ ತೋರಿಸಿದವರು ಕೊನೆಗೆ, "ಅಂದಂಗೆ ಯಾವ ಹಾಸ್ಟೆಲ್ಲು?" ಎನ್ನುವರು. ಮೇಡಂ ಹೇಳುವರು. ಆಮೇಲೆ ಒಬ್ಬರಿಗೆ ಮಗಳು ಬಾಣಂತನಕ್ಕೆ ಬರುವುದು ನೆನಪಾಗುವುದು, ಇನ್ನೊಬ್ಬರಿಗೆ ಮನೆಯ ತೊಲೆಗೆ ಗೆದ್ದಲು ಹಿಡಿದಿರುವುದು. ಒಬ್ಬರಂತೂ, "ಹೆಣ್ಮಕ್ಳು ಅಂದ್ರೆ ಜವಾಬ್ದಾರಿ ಮೇಡಂ, ಗಂಡುಡುಗ್ರು ಆಗಿದ್ರೆ ಕಣ್ಮುಚ್ಕೊಂಡು ಕೊಟ್ಬುಡ್ತಿದ್ದೆ," ಎಂದರಂತೆ. ಅಕ್ಕ ಅವರ ಹಾಗೆಯೇ ಕಣ್ಣು ಮುಚ್ಚಿ ತೋರಿಸಿದಾಗ ಸಾಕಮ್ಮ ಸೌಟು ಬಿಸಾಕಿ ನಕ್ಕಿದ್ದಳು. ದಿನ ಕಳೆದಂತೆ ಅಣಕ ಕಡಿಮೆಯಾಯಿತು. ಒಂದು ಸಂಜೆ ಬಂದವಳು ಸುಮ್ಮನೆ ಕಾಲು ತೊಳೆದುಕೊಂಡು ಮೂಲೆಯಲ್ಲಿ ಕೂತಳು. ಇವತ್ತಿನವರು ಹೇಗಿದ್ದರು ಎಂದು ನಾವೆಲ್ಲ ಪೀಡಿಸಿದೆವು. "ಒಳ್ಳೇರು ಕಣ್ರೇ," ಎಂದಳು ಅಕ್ಕ. "ಸುಳ್ಳು ಹೇಳ್ನಿಲ್ಲ. ನಿಮ್ಗೆ ಕೊಟ್ರೆ ನಾಳೆ ಆ ಮನೇನ ಬೇರೆ ಯಾರು ತಗತಾರೆ ತಾಯಿ, ನೀನೇ ಹೇಳು ಅಂದ್ರು." ಆ ಬಳಿಕ ಅವಳು ಯಾರ ಅಣಕವನ್ನೂ ಮಾಡಲಿಲ್ಲ.

ಕೊನೆಗೆ ಸಿಕ್ಕಿದ್ದು ಊರಾಚೆ, ರೈಲು ಕಂಬಿ ದಾಟಿ, ಪಾಳು ಬಿದ್ದಿದ್ದ ಗೋದಾಮು. ಹಿಂದೆ ಅಲ್ಲಿ ರೇಷ್ಮೆ ಗೂಡು ತುಂಬುತ್ತಿದ್ದರಂತೆ. ಸತ್ತ ಹುಳುವಿನ ಮುಗ್ಗಲು ನಾತ ಗೋಡೆಯೊಳಗೇ ಇಳಿದುಹೋಗಿತ್ತು. ಕಿಟಕಿಗಳೆಲ್ಲ ಸೂರಿನ ಹತ್ತಿರ. ಕಕ್ಕಸಿಲ್ಲ. ಬಯಲಿಗೆ ಹೋಗಬೇಕಾದರೆ ದೊಡ್ಡವರು ಚಿಕ್ಕವರ ಸುತ್ತ ನಿಲ್ಲಬೇಕು. ನಮ್ಮ ಟ್ರಂಕುಗಳನ್ನು ಎತ್ತಿನಗಾಡಿಯ ಮೇಲೆ ಹೇರಿದ ದಿನ ಸಾಕಮ್ಮ ಗಾಡಿಯ ಹಿಂದೆ ನಡೆಯುತ್ತ ಊರಿಗೆ ಊರನ್ನೇ ಬೈದಳು. "ಊರಾಚೆಯಿಂದ ಬಂದ ಮಕ್ಳ ಕರ್ಕಂಡೋಗಿ ಊರಾಚೆಗೇ ಮಡಗುದ್ರಲ್ಲೋ! ಇದಕ್ಯಾಕೆ ಬೇಕಿತ್ತು ಓದು?" ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡು ತಲೆ ತಗ್ಗಿಸಿ ನಡೆಯುತ್ತಿದ್ದರು. ಅವರು ಮೂಗು ಮುಚ್ಚಿದ್ದು ಧೂಳಿಗೋ ಅಳುವಿಗೋ ನನಗೆ ತಿಳಿಯಲಿಲ್ಲ.

ಶಾಲೆಗೆ ಹೋಗುವ ದಾರಿಯಲ್ಲಿ ಸಾರಾಯಿ ಅಂಗಡಿಯೊಂದಿತ್ತು. ಬೆಳಗ್ಗೆ ನಾವೆಲ್ಲ ಗುಂಪಾಗಿ ಹೋಗುತ್ತಿದ್ದೆವು, ಏನೂ ಆಗುತ್ತಿರಲಿಲ್ಲ. ಸಂಜೆ ಹತ್ತನೆಯವರಿಗೆ ಸ್ಪೆಷಲ್ ಕ್ಲಾಸು; ಅಕ್ಕ ಮತ್ತು ಇಬ್ಬರು ಗೆಳತಿಯರು ತಡವಾಗಿ ಬರಬೇಕಿತ್ತು. ಅಂಗಡಿ ಮುಂದೆ ಕೂತವರು ಮೊದಲು ಹಾಡು ಹೇಳಿದರು. ಆಮೇಲೆ ನಮ್ಮ ಜಾತಿಯ ಹೆಸರು ಹಿಡಿದು ಕೂಗಿದರು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಇಬ್ಬರು ಹಿಂಬಾಲಿಸಿ ಬಂದು ಕಂಬಿಯ ಹತ್ತಿರ ಅಕ್ಕನ ದಾವಣಿ ಹಿಡಿದೆಳೆದರು. ಅಕ್ಕ ಕಂಬಿಯ ಜಲ್ಲಿ ಎತ್ತಿ ಒಬ್ಬನ ಹಣೆಗೆ ಹೊಡೆದು, ಗೆಳತಿಯರ ಕೈ ಹಿಡಿದು ಓಡಿ ಬಂದಳು. ಮೊಣಕಾಲು ತರಚಿಹೋಗಿತ್ತು, ದಾವಣಿ ಇರಲಿಲ್ಲ. ಸಾಕಮ್ಮ ತನ್ನ ಸೀರೆಯೊಂದನ್ನು ಅವಳ ಮೇಲೆ ಹೊದಿಸಿ, ಆ ದಿನ ಒಂದೇ ಒಂದು ಬೈಗುಳವನ್ನೂ ಆಡದೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮರುದಿನ ಮೇಡಂ ಪೊಲೀಸರ ಹತ್ತಿರ ಹೋದರೆ, ಅಲ್ಲಿ ಕೇಳಿದ್ದು, ಹೊಡೆಸಿಕೊಂಡವನ ಹಣೆಗೆ ಹೊಲಿಗೆ ಬಿದ್ದಿದೆ, ಹುಡುಗಿಯ ಮೇಲೆ ಕೇಸಾದರೆ ಪರವಾಗಿಲ್ಲವೇ ಎಂದು.

ಸುದ್ದಿ ಹಳ್ಳಿಗಳಿಗೆ ಹೋಗಲು ಹೊತ್ತು ಹಿಡಿಯಲಿಲ್ಲ. ಒಬ್ಬೊಬ್ಬರೇ ಅಪ್ಪಂದಿರು ಬಂದರು. ನಮ್ಮಪ್ಪ ಬಂದಾಗ ಅಕ್ಕ ಗೋಡೆಗೆ ಒರಗಿ ಓದುತ್ತಿದ್ದಳು.

"ಟ್ರಂಕು ಕಟ್ಟವ್ವ," ಎಂದ ಅಪ್ಪ.

"ಪರೀಕ್ಷೆಗೆ ಇನ್ನು ಒಸಿ ದಿನ ಐತೆ ಕಣಪ್ಪ. ಬರ್ದ್ಬುಟ್ಟು ಬತ್ತೀನಿ. ನೀ ಹೇಳಿದ್ದ ಕೇಳ್ತೀನಿ ಆಮೇಲೆ."

"ಅಲ್ಲಿಗಂಟ ಏನಾರ ಹೆಚ್ಚುಕಮ್ಮಿ ಆದ್ರೆ ಯಾವ ಸರ್ಕಾರ ಬತ್ತದೆ ಮಗಾ? ಅನ್ನ ಹಾಕ್ತು, ಬಟ್ಟೆ ಕೊಡ್ತು, ಕೈ ಮುಗೀತೀನಿ. ನಿನ್ನ ಮಾನ ಕಾಯಕ್ಕೆ ನಾನೇ ಬರಬೇಕು."

ಅಕ್ಕ ಅಪ್ಪನ ಕಾಲು ಹಿಡಿದುಕೊಂಡಳು. ಮೇಡಂ, ಪರೀಕ್ಷೆಯ ದಿನಗಳಲ್ಲಿ ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಒಂದು ಮಾತು ಹೇಳಬಹುದೆಂದು ನಾವೆಲ್ಲ ಅವರ ಮುಖ ನೋಡಿದೆವು. ಮೇಡಂ ಗೋಡೆ ನೋಡಿದರು. ಅವರ ಮನೆಯೂ ಬಾಡಿಗೆಯದೇ, ಆ ಮನೆಯೊಡೆಯರು ಏನಾದರೂ ಅಂದಾರು ಎಂಬ ಭಯ ಅವರಿಗಿದ್ದಿರಬಹುದು. ಅಪ್ಪ ಅಕ್ಕನನ್ನು ಎಬ್ಬಿಸಿ, ಅವಳ ಕಣ್ಣೊರೆಸಿ, ಟ್ರಂಕನ್ನು ತಾನೇ ಹೊತ್ತುಕೊಂಡ. ನನ್ನನ್ನು ಬಿಟ್ಟುಹೋದ. "ಇವ್ಳಿನ್ನೂ ಮಗು, ಇವ್ಳನ್ನ ಯಾರು ನೋಡ್ತಾರೆ," ಎಂದ. ಅಷ್ಟೇ ವ್ಯತ್ಯಾಸ. ನಾನು ಮುಂದೆ ಓದಿ ಮೇಡಂ ಎನಿಸಿಕೊಂಡದ್ದಕ್ಕೆ, ಅವಳು ಆಗದೇ ಹೋದದ್ದಕ್ಕೆ, ಬೇರೆ ಯಾವ ಕಾರಣವನ್ನೂ ನನಗೆ ಇದುವರೆಗೆ ಹುಡುಕಲಾಗಿಲ್ಲ.

ಪರೀಕ್ಷೆಗೆ ಕರೆತರುತ್ತೇನೆ ಎಂದು ಅಪ್ಪ ಹೋಗುವಾಗ ಹೇಳಿದ್ದ. ಅಷ್ಟರಲ್ಲಿ ಕೇರಿಯವರು ದಾವಣಿಯ ಸುದ್ದಿಯನ್ನು ತಮಗೆ ಬೇಕಾದ ಹಾಗೆ ಆಡತೊಡಗಿದ್ದರು. ಮಾಗಡಿ ಕಡೆಯ ಕಲ್ಲುಕ್ವಾರಿಯಲ್ಲಿ ದುಡಿಯುತ್ತಿದ್ದ ಒಬ್ಬರ ಸಂಬಂಧ ಬಂತು. ಯುಗಾದಿಗೂ ಮೊದಲು ಮದುವೆ ಮುಗಿಯಿತು. ಆ ವರ್ಷ ಕಳೆಯುವ ಹೊತ್ತಿಗೆ ಗೋದಾಮಿನಲ್ಲಿ ಉಳಿದಿದ್ದವರು ನಾವು ಕೆಲವೇ ಮಂದಿ. ಹೆಣ್ಣುಮಕ್ಕಳು ಬರುತ್ತಿಲ್ಲವೆಂಬ ಕಾರಣ ಬರೆದು ಸರ್ಕಾರ ಹಾಸ್ಟೆಲ್ಲನ್ನು ಮುಚ್ಚಿ ನಮ್ಮನ್ನು ರಾಮನಗರದ ಹಾಸ್ಟೆಲ್ಲಿಗೆ ಸೇರಿಸಿತು. ಬರುತ್ತಿಲ್ಲವೆಂಬುದು ಸುಳ್ಳಲ್ಲವಲ್ಲ! ಸಾಕಮ್ಮನನ್ನು ಕನಕಪುರಕ್ಕೆ ಹಾಕಿದರು. ಹೋಗುವಾಗ ಅವಳು ನನ್ನ ಕೆನ್ನೆ ಹಿಂಡಿ, "ಚೆನ್ನಾಗಿ ಉಣ್ಣೇ ಕಳ್ಳಿ," ಎಂದದ್ದೇ ಕೊನೆ. ಮತ್ತೆ ಅವಳನ್ನು ನೋಡಲಿಲ್ಲ. ನಾನು ಓದಿದೆ, ಮೀಸಲಾತಿಯಲ್ಲಿ ಕೆಲಸ ಪಡೆದೆ. ಇವತ್ತಿಗೂ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು ನಗುತ್ತಲೇ, "ನಿಮ್ಮೋರಿಗೇನು ಬಿಡಿ ಮೇಡಂ, ಹುಟ್ಟಿದಾಗಿನಿಂದ ಎಲ್ಲಾ ಸರ್ಕಾರವೇ ಕೊಡುತ್ತೆ," ಎನ್ನುತ್ತಾರೆ. ಹೌದು, ಕೊಟ್ಟಿತು. ಕೊಟ್ಟದ್ದನ್ನು ಊರು ಇಟ್ಟುಕೊಳ್ಳಲು ಬಿಡಲಿಲ್ಲ ಎಂದು ನಾನು ಟೀ ಲೋಟದ ಅಂಚಿನಲ್ಲೇ ನುಂಗಿಕೊಳ್ಳುತ್ತೇನೆ.

ಅಕ್ಕನಿಗೆ ಬಹಳ ವರ್ಷಗಳ ಮೇಲೆ ಅವಳ ಗಂಡನ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತ್ತು. ಒಂದಷ್ಟು ಮಕ್ಕಳು ಮನೆಯಿಂದ ಬುತ್ತಿ ತರತೊಡಗಿದರು. ಶಿಕ್ಷಣ ಇಲಾಖೆಯ ಸಾಹೇಬರು ಬಂದು, ಊರಿನವರನ್ನು ಕೂರಿಸಿ, ಸೌಹಾರ್ದದಿಂದ ಬಗೆಹರಿಸಿದರು: ಅಡುಗೆ ಬೇರೆಯವರು ಮಾಡುವುದು, ರತ್ನಮ್ಮ ಪಾತ್ರೆ ತೊಳೆಯುವುದು. ನಾನು ಫೋನಿನಲ್ಲಿ ಕೂಗಾಡಿದೆ, ದೂರು ಕೊಡುತ್ತೇನೆಂದೆ. ಅವಳು ಮೆಲ್ಲಗೆ, "ಬುಡು ಪುಟ್ಟಿ, ಮಕ್ಳು ಉಣ್ತಾವಲ್ಲ," ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಹೋದ ವರ್ಷ ಅಕ್ಕ ಹೋಗಿಬಿಟ್ಟಳು. ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು, ಯಾರಿಗೂ ಹೇಳಿರಲಿಲ್ಲ. ತಿಥಿಯ ದಿನ ಊಟವಾದ ಮೇಲೆ ಭಾವ ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಒಳ್ಳೆಯ ಮನುಷ್ಯ, ಅವಳಿಗೆ ಒಂದು ದಿನವೂ ಕೈಯೆತ್ತಿದವರಲ್ಲ. ಅವಳಿಗೆ ನರ್ಸ್ ಆಗಬೇಕೆಂದು ಎಷ್ಟು ಆಸೆಯಿತ್ತು, ಹತ್ತನೇ ಪರೀಕ್ಷೆ ಬರೆಯುವುದೊಂದು ಬಾಕಿಯಿತ್ತು ಎಂದು ನಾನು ಏನೇನೋ ಹೇಳುತ್ತ ಅಳುತ್ತಿದ್ದೆ. ಭಾವ ಬಾಯಿ ಆಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ನಿಮ್ಮಪ್ಪಾರು ಹೆಣ್ಣು ತೋರ್ಸಕ್ಕೆ ಕರ್ದಾಗ ಹೇಳಿದ್ರು ಕಣವ್ವ, ಹತ್ತನೇ ಗಂಟ ಓದವ್ಳೆ ಅಂತ," ಎಂದರು. "ಮದ್ವೆ ಟೈಮಲ್ಲಿ ಎಲ್ರೂ ಹಂಗೇ ಅಂತಾರೆ ಅನ್ಕಂಡಿದ್ದೋ. ಅವ್ಳೂ ಒಂದಿನಾನೂ ಹೇಳ್ನಿಲ್ಲ. ದಿಟವಾ?"

"ದಿಟ ಭಾವ," ಎಂದೆ.

ಅವರು ಎದ್ದು ಜಗುಲಿಯಂಚಿಗೆ ಹೋಗಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಬಂದರು. ಒಳಗಡೆ ಹೆಂಗಸರು ಪಂಕ್ತಿ ಎತ್ತಿದ ಜಾಗಕ್ಕೆ ಸಗಣಿ ಸಾರಿಸುತ್ತಿದ್ದರು.